ತಿಂಗಳ ಕೊನೆಯ ವಾರದ ಅಡುಗೆ: ಜರ್ಮನಿಯಲ್ಲಿ ಓದುವವರಿಗೆ ಒಂದು ಸಣ್ಣ ಪಾಠ

ಜರ್ಮನಿಗೆ ಓದೋಕೆ ಬರುವ ನಮ್ಮಲ್ಲಿ ಹೆಚ್ಚಿನವರಿಗೆ ಒಂದು ಸಂಖ್ಯೆ ಬಾಯಿಪಾಠ ಆಗಿರುತ್ತೆ: 992. ಬ್ಲಾಕ್ಡ್ ಅಕೌಂಟಿನಿಂದ ತಿಂಗಳಿಗೆ ಕೈಗೆ ಬರುವ ಯೂರೋ ಅಷ್ಟು. 2024ರ ಸೆಪ್ಟೆಂಬರ್‌ನಿಂದ ವೀಸಾಕ್ಕಾಗಿ ತೋರಿಸಬೇಕಾದ ವರ್ಷದ ಮೊತ್ತ 11,904 ಯೂರೋ. ಅದನ್ನು ಹನ್ನೆರಡರಿಂದ ಭಾಗಿಸಿದರೆ ಈ 992. ಇದರಲ್ಲಿ ಬಾಡಿಗೆ, ಆರೋಗ್ಯ ವಿಮೆ, ಫೋನು, ಮುಂದಿನ ಸೆಮಿಸ್ಟರ್ ಫೀಸಿಗೆ ಎತ್ತಿಡೋದು ಎಲ್ಲಾ ಕಳೆದು ಉಳಿದದ್ದರಲ್ಲಿ ಊಟ.

ಬಾಡಿಗೆ ಕಡಿಮೆ ಮಾಡೋಕೆ ಆಗಲ್ಲ, ವಿಮೆ ಬಿಡೋ ಹಾಗಿಲ್ಲ. ಕೈ ಬಿಗಿಯಾದಾಗ ಕತ್ತರಿ ಬೀಳೋದು ಊಟದ ಮೇಲೇ. ಮೊದಲು ಹಣ್ಣು ಹೋಗುತ್ತೆ, ಆಮೇಲೆ ಹಾಲು, ಆಮೇಲೆ ಬೆಳಗಿನ ತಿಂಡಿ. ಕೊನೆಯ ವಾರ ಟೋಸ್ಟ್ ಬ್ರೆಡ್ಡು ಮತ್ತು ನೂಡಲ್ಸ್. ಮನೆಯಿಂದ ಫೋನ್ ಬಂದು "ಊಟ ಆಯ್ತಾ?" ಅಂದ್ರೆ "ಆಯ್ತಮ್ಮ" ಅಂತ ಹೇಳಿಬಿಡೋದು. ಪರೀಕ್ಷೆ ಹತ್ತಿರ ಬಂದಾಗ ತಲೆ ಓಡದೇ ಇರೋದಕ್ಕೆ, ಚಳಿಗಾಲದಲ್ಲಿ ಮತ್ತೆ ಮತ್ತೆ ನೆಗಡಿ, ಸುಸ್ತು ಬರೋದಕ್ಕೆ ಈ ಅರೆಹೊಟ್ಟೆಯ ಪಾಲೂ ಇರುತ್ತೆ.

ಈ ಪಾಠದ ತಿರುಳು ಇಷ್ಟೇ: ಮಿತವ್ಯಯ ಅಂದ್ರೆ ಕಡಿಮೆ ತಿನ್ನೋದಲ್ಲ, ಕೊಂಡಿದ್ದೆಲ್ಲ ಹೊಟ್ಟೆಗೆ ಹೋಗೋ ಹಾಗೆ ನೋಡಿಕೊಳ್ಳೋದು. ಅಂಗಡೀಲಿ ಹತ್ತು ಸೆಂಟ್ ಉಳಿಸಿ, ಫ್ರಿಜ್ಜಿನಲ್ಲಿ ಅರ್ಧ ಕೋಸು ಕೊಳೆಯೋಕೆ ಬಿಟ್ರೆ ಅದು ಉಳಿತಾಯ ಅಲ್ಲ. ನಮ್ಮ ಅಡುಗೆ ಮನೆಗಳಲ್ಲಿ ಅಜ್ಜಿ, ಅಮ್ಮಂದಿರು ಇದನ್ನ ಹೆಸರಿಡದೇ ಮಾಡ್ತಾ ಬಂದಿದ್ದಾರೆ. ಅದನ್ನೇ ಇಲ್ಲಿನ ಅಂಗಡಿ, ಇಲ್ಲಿನ ಒಲೆ, ಇಲ್ಲಿನ ತರಕಾರಿಗೆ ಹೊಂದಿಸಿಕೊಳ್ಳೋಣ.

1. ಮೊದಲು ಲೆಕ್ಕ

ಒಬ್ಬರಿಗೆ ಒಂದು ತಿಂಗಳಿಗೆ ಬೇಕಾಗುವ ಸಾಮಾನಿನ ಮಾದರಿ ಪಟ್ಟಿ ಕೆಳಗಿದೆ. ಬೆಲೆಗಳನ್ನು ಲೆಕ್ಕಕ್ಕೆ ಸುಲಭವಾಗಲಿ ಅಂತ ದುಂಡಗೆ ಮಾಡಿ ಹಾಕಿದೆ. ನಿಮ್ಮೂರಿನ ಅಂಗಡಿಯ ಚೀಟಿ ನೋಡಿ ತಿದ್ದಿಕೊಳ್ಳಿ.

ಅಕ್ಕಿ, ನಾಲ್ಕೂವರೆ ಕಿಲೋ, ಕಿಲೋಗೆ 2 ಯೂರೋ: 9.00
ಗೋಧಿ ಹಿಟ್ಟು, ಮೂರೂವರೆ ಕಿಲೋ, ಕಿಲೋಗೆ 1 ಯೂರೋ: 3.50
ಬೇಳೆ, ಕಾಳು, ಎರಡೂವರೆ ಕಿಲೋ, ಕಿಲೋಗೆ 3.50: 8.75
ಹಾಲು ಮತ್ತು ಮೊಸರು, 12 ಲೀಟರ್, ಲೀಟರ್‌ಗೆ 1.10: 13.20
ತರಕಾರಿ, ಸೊಪ್ಪು, 9 ಕಿಲೋ, ಸರಾಸರಿ ಕಿಲೋಗೆ 2 ಯೂರೋ: 18.00
ಈರುಳ್ಳಿ, ಆಲೂಗಡ್ಡೆ, 4 ಕಿಲೋ, ಕಿಲೋಗೆ 1.20: 4.80
ಹಣ್ಣು, 4 ಕಿಲೋ, ಕಿಲೋಗೆ 2 ಯೂರೋ: 8.00
ಎಣ್ಣೆ, 1 ಲೀಟರ್: 2.00
ಉಪ್ಪು, ಸಕ್ಕರೆ, ಕಾಫಿ ಅಥವಾ ಟೀ, ಹುಳಿ, ಮಸಾಲೆ: 12.00
ಒಟ್ಟು: 79.25 ಯೂರೋ

ಅಂದ್ರೆ ಸುಮಾರು 80 ಯೂರೋ. ಇನ್ನೊಂದು 20 ಯೂರೋ ಎತ್ತಿಟ್ಟರೆ ಮೆನ್ಜಾದಲ್ಲಿ ಗೆಳೆಯರ ಜೊತೆ ಕೆಲವು ಊಟ, ಒಂದು ಹಬ್ಬದ ಅಡುಗೆ ಆಗುತ್ತೆ. ಮೊಟ್ಟೆ, ಮೀನು, ಮಾಂಸ ತಿನ್ನುವವರು ಅದನ್ನ ಇದರ ಮೇಲೆ ಸೇರಿಸಿಕೊಳ್ಳಿ.

ಇದು ಬರೀ ಹೊಟ್ಟೆ ತುಂಬಿಸೋ ಲೆಕ್ಕ ಅಲ್ಲ. ದಿನಕ್ಕೆ ಭಾಗಿಸಿ ನೋಡಿ: 150 ಗ್ರಾಂ ಅಕ್ಕಿಯಿಂದ ಸುಮಾರು 10 ಗ್ರಾಂ ಪ್ರೋಟೀನ್, 115 ಗ್ರಾಂ ಹಿಟ್ಟಿನಿಂದ 12-13, 80 ಗ್ರಾಂ ಬೇಳೆಯಿಂದ 19-20, 400 ಮಿಲಿ ಹಾಲು ಮೊಸರಿನಿಂದ 13. ಒಟ್ಟು ಸುಮಾರು 55 ಗ್ರಾಂ. ವಯಸ್ಕರಿಗೆ ಮೈತೂಕದ ಪ್ರತಿ ಕಿಲೋಗೆ 0.8 ಗ್ರಾಂ ಅನ್ನೋ ಸಾಮಾನ್ಯ ಲೆಕ್ಕದಲ್ಲಿ 60 ಕಿಲೋ ಇರುವವರಿಗೆ 48 ಗ್ರಾಂ ಸಾಕು. ದಪ್ಪ ಮೈಕಟ್ಟಿನವರು, ಸೈಕಲ್ ತುಳಿಯೋರು, ವೇರ್‌ಹೌಸಲ್ಲಿ ಪಾರ್ಟ್ ಟೈಮ್ ನಿಂತು ಕೆಲಸ ಮಾಡೋರು ಅಕ್ಕಿ, ಹಿಟ್ಟು, ಬೇಳೆಯ ಅಳತೆ ಏರಿಸಿ. ಪಟ್ಟಿಯಲ್ಲಿ ಅವೇ ಅಗ್ಗದವು, ಹೆಚ್ಚು ಕೊಂಡರೂ ತಿಂಗಳಿಗೆ ಕೆಲವೇ ಯೂರೋ ಏರುತ್ತೆ.

ಮೇಲಿನ ಬೆಲೆಯಲ್ಲೇ ನೋಡಿದ್ರೆ ನೂರು ಗ್ರಾಂ ಪ್ರೋಟೀನ್ ಬೇಳೆಯಿಂದ ಬಂದ್ರೆ ಒಂದೂವರೆ ಯೂರೋ, ಹಾಲಿನಿಂದ ಬಂದ್ರೆ ಮೂರೂಕಾಲು. ಹಾಗಂತ ಹಾಲು ಬಿಡಬೇಡಿ. ಸಸ್ಯಾಹಾರಿಗಳಿಗೆ ಬಿ12 ವಿಟಮಿನ್ ಬರೋದು ಹಾಲು, ಮೊಸರಿನಿಂದಲೇ, ಬೇಳೆಯಲ್ಲಿ ಅದು ಇರಲ್ಲ. ದುಡ್ಡು ಕಡಿಮೆ ಆದಾಗ ಕತ್ತರಿಸಬೇಕಾದ್ದು ಚಿಪ್ಸು, ಬಾಟಲಿ ಜ್ಯೂಸು, ಸಿದ್ಧ ಸಾಸು, ಸ್ಟೇಷನ್ನಿನ ಕಾಫಿ. ಬೇಳೆ, ಹಾಲು, ಸೊಪ್ಪು ಮುಟ್ಟಬೇಡಿ.

2. ಅಂಗಡಿಯಲ್ಲಿ ಓದಬೇಕಾದ ಸಣ್ಣ ಅಕ್ಷರ

ಜರ್ಮನಿಯ ಅಂಗಡಿಗಳಲ್ಲಿ ಬೆಲೆ ಚೀಟಿಯ ಮೂಲೆಯಲ್ಲಿ ಸಣ್ಣದಾಗಿ ಒಂದು ಕಿಲೋ ಅಥವಾ ಒಂದು ಲೀಟರಿನ ಬೆಲೆ ಬರೆದಿರುತ್ತೆ. ಅದಕ್ಕೆ ಗ್ರುಂಡ್‌ಪ್ರೈಸ್ ಅಂತಾರೆ. ದೊಡ್ಡ ಅಕ್ಷರದ ಬೆಲೆ ಬಿಟ್ಟು ಇದನ್ನ ಓದಿ. ಆಂಗೆಬೋಟ್ ಅಂತ ಕೆಂಪು ಚೀಟಿ ಹಾಕಿದ ದೊಡ್ಡ ಪ್ಯಾಕು ಕಿಲೋ ಲೆಕ್ಕದಲ್ಲಿ ಪಕ್ಕದ ಸಣ್ಣ ಪ್ಯಾಕಿಗಿಂತ ದುಬಾರಿ ಇರೋದೂ ಉಂಟು. ಅಂಗಡಿಯ ಸ್ವಂತ ಬ್ರಾಂಡಿನ ಸಾಮಾನು ಸಾಮಾನ್ಯವಾಗಿ ಕೆಳಗಿನ ಸಾಲಲ್ಲಿ ಇರುತ್ತೆ, ಸ್ವಲ್ಪ ಬಗ್ಗಿ ನೋಡಿ.

ನಮ್ಮ ಅಡುಗೆಗೆ ಇಂಡಿಯನ್ ಅಂಗಡಿಯೇ ಬೇಕು ಅನ್ನೋದು ಪೂರ್ತಿ ನಿಜ ಅಲ್ಲ. ಮಾಮೂಲಿ ಸೂಪರ್ ಮಾರ್ಕೆಟ್ಟಿನಲ್ಲೇ ಅರ್ಧ ಸಾಮಾನು ಇದೆ, ಹೆಸರು ಗೊತ್ತಿರಬೇಕು ಅಷ್ಟೇ.

ರೋಟೆ ಲಿನ್ಸೆನ್ ಅಂದ್ರೆ ಸಿಪ್ಪೆ ತೆಗೆದ ಮಸೂರ ಬೇಳೆ. ಕುಕ್ಕರ್ ಬೇಕಿಲ್ಲ, ಹದಿನೈದು ನಿಮಿಷಕ್ಕೆ ಕರಗುತ್ತೆ. ತೊವ್ವೆಗೆ, ಸಾರಿಗೆ ತೊಗರಿ ಬೇಳೆಯ ಜಾಗದಲ್ಲಿ ನಡೆಯುತ್ತೆ. ಟೆಲ್ಲರ್‌ಲಿನ್ಸೆನ್ ಸಿಪ್ಪೆ ಸಮೇತ ಇರುವ ದೊಡ್ಡ ಲೆಂಟಿಲ್. ಬೆಂದರೂ ಆಕಾರ ಬಿಡಲ್ಲ, ಪಲ್ಯ, ಉಸಲಿಗೆ ಸರಿ. ಗೆಲ್ಬೆ ಶೇಲ್‌ಎರ್ಬ್ಸೆನ್ ಅಂದ್ರೆ ಹಳದಿ ಬಟಾಣಿ ಬೇಳೆ, ನೆನೆಸಿ ಬೇಯಿಸಿದರೆ ಹುಳಿಗೆ ಆಗುತ್ತೆ.

ರವೆ ಕೊಳ್ಳುವಾಗ ಹೆಸರಿನ ಮೊದಲ ಭಾಗ ನೋಡಿ. ವೈಶ್‌ವೈಟ್ಸೆನ್‌ಗ್ರೀಸ್ ಮೆತ್ತನೆ ಗೋಧಿಯದು, ಉಪ್ಪಿಟ್ಟು ಮಾಡಿದರೆ ಅಂಟಾಗಿ ಗಂಜಿ ಥರ ಆಗುತ್ತೆ. ಹಾರ್ಟ್‌ವೈಟ್ಸೆನ್‌ಗ್ರೀಸ್ ಗಟ್ಟಿ ಗೋಧಿಯದು, ಹುರಿದು ಮಾಡಿದರೆ ಉಪ್ಪಿಟ್ಟು ಉದುರುದುರಾಗಿ ಬರುತ್ತೆ.

ಗೋಧಿ ಹಿಟ್ಟಿನ ಪ್ಯಾಕಿನ ಮೇಲೆ ಟೈಪ್ 405, 550, 1050 ಅಂತ ಇರುತ್ತೆ. ನೂರು ಗ್ರಾಂ ಒಣ ಹಿಟ್ಟನ್ನ ಸುಟ್ಟರೆ ಉಳಿಯುವ ಬೂದಿಯ ಮಿಲಿಗ್ರಾಂ ಲೆಕ್ಕ ಅದು. ಸಂಖ್ಯೆ ಏರಿದಷ್ಟೂ ಗೋಧಿಯ ಹೊರಪದರ ಹಿಟ್ಟಿನಲ್ಲಿ ಹೆಚ್ಚು ಉಳಿದಿದೆ ಅಂತ ಅರ್ಥ. 405 ನಮ್ಮ ಮೈದಾಗೆ ಹತ್ತಿರ. ಚಪಾತಿಗೆ 1050 ಚೆನ್ನಾಗಿರುತ್ತೆ. ಅದಕ್ಕೆ ಸ್ವಲ್ಪ ಫೋಲ್‌ಕೋರ್ನ್, ಅಂದ್ರೆ ಇಡೀ ಗೋಧಿಯ ಹಿಟ್ಟು ಬೆರೆಸಿ, ನಾದಿ ಅರ್ಧ ಗಂಟೆ ಬಿಟ್ಟರೆ ಊರಿನ ಚಪಾತಿಗೆ ಹತ್ತಿರ ಬರುತ್ತೆ.

ಮಿಲ್ಶ್‌ರೈಸ್ ಅಂತ ಪಾಯಸದ ಅಕ್ಕಿ ಸಿಗುತ್ತೆ. ಮೆತ್ತಗೆ ಬೇಯೋ ಕಾರಣ ಮೊಸರನ್ನ, ಪೊಂಗಲ್, ಬಿಸಿಬೇಳೆಬಾತಿಗೆ ಒಳ್ಳೆಯದು. ಪಾರ್‌ಬಾಯಿಲ್ಡ್ ಅಂತ ಬರೆದದ್ದು ಅಂಟಲ್ಲ, ಚಿತ್ರಾನ್ನಕ್ಕೆ ಇಟ್ಟುಕೊಳ್ಳಿ. ಬೇಕಿಂಗ್ ಸಾಮಾನಿನ ಸಾಲಲ್ಲಿ ಕೋಕೋಸ್‌ರಾಸ್ಪೆಲ್ ಅಂತ ಒಣ ಕೊಬ್ಬರಿ ತುರಿ ಇರುತ್ತೆ. ಬಿಸಿ ನೀರಲ್ಲಿ ಹತ್ತು ನಿಮಿಷ ನೆನೆಸಿದರೆ ಸಾರಿಗೆ, ಪಲ್ಯಕ್ಕೆ ಸಾಕು.

ಹಾಗಾದ್ರೆ ಏಷ್ಯನ್ ಅಥವಾ ಟರ್ಕಿಷ್ ಅಂಗಡಿಗೆ ಯಾವಾಗ ಹೋಗೋದು? ಕಪ್ಪು ಸಾಸಿವೆ, ಜೀರಿಗೆ, ಅರಿಶಿನ, ಹುಣಸೆ, ಕಡಲೆ ಹಿಟ್ಟು, ದೊಡ್ಡ ಚೀಲದ ಅಕ್ಕಿ ಮತ್ತು ಕೊತ್ತಂಬರಿ ಕಟ್ಟಿಗೆ. ಸೂಪರ್ ಮಾರ್ಕೆಟ್ಟಿನ ಪುಟ್ಟ ಮಸಾಲೆ ಬಾಟಲಿ ಕಿಲೋ ಲೆಕ್ಕದಲ್ಲಿ ತುಂಬ ದುಬಾರಿ. ತಿಂಗಳಿಗೊಮ್ಮೆ ಇಬ್ಬರು ಮೂವರು ಸೇರಿ ಹೋಗಿ, ಹತ್ತು ಕಿಲೋ ಅಕ್ಕಿ, ಅರ್ಧ ಕಿಲೋ ಜೀರಿಗೆ ತಂದು ಹಂಚಿಕೊಳ್ಳಿ. ಒಬ್ಬರೇ ಅಷ್ಟು ತಂದರೆ ಹುಳ ಬೀಳುತ್ತೆ. ಕರಿಬೇವು ಸಿಕ್ಕ ದಿನ ತೊಳೆದು, ಒರೆಸಿ, ಫ್ರೀಜರಿನಲ್ಲಿ ಇಟ್ಟರೆ ಎರಡು ಮೂರು ತಿಂಗಳು ಬರುತ್ತೆ.

ವಾರದ ಸಂತೆ, ಅಂದ್ರೆ ವೋಖೆನ್‌ಮಾರ್ಕ್ಟ್‌ಗೆ ಬಾಗಿಲು ಹಾಕೋ ಹೊತ್ತಿಗೆ ಹೋಗಿ. ಉಳಿದ ಸೊಪ್ಪು, ಮಾಗಿದ ಟೊಮ್ಯಾಟೊವನ್ನ ಕಡಿಮೆ ಬೆಲೆಗೆ ಕೊಡೋ ಮಾರಾಟಗಾರರು ಇರ್ತಾರೆ. ಖಾಲಿ ಬಾಟಲಿಗಳನ್ನ ವಾಪಸ್ ಕೊಡೋದು ಮರೀಬೇಡಿ. ಒಮ್ಮೆ ಬಳಸೋ ಪ್ಲಾಸ್ಟಿಕ್ ಬಾಟಲಿ ಅಥವಾ ಕ್ಯಾನಿಗೆ 25 ಸೆಂಟ್ ಪ್ಫಾಂಡ್ ಇರುತ್ತೆ. ನಾಲ್ಕು ಬಾಟಲಿ ಅಂದ್ರೆ ಹೆಚ್ಚು ಕಡಿಮೆ ಒಂದು ಲೀಟರ್ ಹಾಲಿನ ದುಡ್ಡು. ಅದಕ್ಕಿಂತ ಒಳ್ಳೆಯದು ನಲ್ಲಿ ನೀರು ಕುಡಿಯೋದು, ಇಲ್ಲಿ ಅದು ಶುದ್ಧ.

3. ಬಸ್ಸಾರು ಕಲಿಸೋ ಪಾಠ

ಹಳೇ ಮೈಸೂರು ಕಡೆಯ ಮನೆಗಳಲ್ಲಿ ಬಸ್ಸಾರು ಗೊತ್ತಿಲ್ಲದವರಿಲ್ಲ. ಬೇಳೆ ಅಥವಾ ಕಾಳು, ಸೊಪ್ಪು ಒಟ್ಟಿಗೆ ಬೇಯಿಸಿ, ನೀರನ್ನ ಬಸಿದು, ಆ ಕಟ್ಟಿನಿಂದ ಸಾರು, ಉಳಿದ ಗಟ್ಟಿಯಿಂದ ಪಲ್ಯ. ಒಂದೇ ಪಾತ್ರೆ, ಒಂದೇ ಉರಿ, ಎರಡು ಅಡುಗೆ. ಬೇಯಿಸಿದ ನೀರಿನಲ್ಲಿ ಇಳಿದ ಸಾರ ಸಿಂಕಿಗೆ ಹೋಗದೆ ತಟ್ಟೆಗೆ ಬರುತ್ತೆ.

ಇಲ್ಲಿನ ಸಾಮಾನಿನಲ್ಲಿ ಮಾಡೋದು ಹೀಗೆ. 200 ಗ್ರಾಂ ಟೆಲ್ಲರ್‌ಲಿನ್ಸೆನ್ ತೊಳೆದು ಒಂದೂವರೆ ಲೀಟರ್ ನೀರಲ್ಲಿ ಮುಚ್ಚಳ ಮುಚ್ಚಿ ಬೇಯಿಸಿ, ಸುಮಾರು 25 ನಿಮಿಷ. ನೀರನ್ನ ಮೊದಲು ಎಲೆಕ್ಟ್ರಿಕ್ ಕೆಟಲಿನಲ್ಲಿ ಕಾಯಿಸಿಕೊಂಡರೆ ಹೊತ್ತೂ ಕರೆಂಟೂ ಉಳಿಯುತ್ತೆ. ಕಾಳು ಮುಕ್ಕಾಲು ಬೆಂದಾಗ ಸಣ್ಣಗೆ ಹೆಚ್ಚಿದ 400 ಗ್ರಾಂ ಎಲೆಕೋಸು ಅಥವಾ ಫ್ರೀಜರಿನ ಪಾಲಕ್ ಹಾಕಿ. ಪಾಲಕ್ ಕೊಳ್ಳುವಾಗ ಬ್ಲಾಟ್‌ಶ್ಪಿನಾಟ್ ಅಂತ ಬರೆದದ್ದು ತಗೊಳ್ಳಿ. ರಾಮ್‌ಶ್ಪಿನಾಟ್ ಅಂದ್ರೆ ಅದರಲ್ಲಿ ಕೆನೆ ಬೆರೆಸಿರ್ತಾರೆ, ಸಾರಿಗೆ ಆಗಲ್ಲ. ಇನ್ನು ಎಂಟು ಹತ್ತು ನಿಮಿಷ ಬೇಯಲಿ. ಒಲೆ ಗಾಜಿನ ಎಲೆಕ್ಟ್ರಿಕ್ ಒಲೆಯಾದರೆ ಕೊನೆಯ ಐದು ನಿಮಿಷ ಆಫ್ ಮಾಡಿಬಿಡಿ, ಉಳಿದ ಬಿಸಿಯಲ್ಲೇ ಬೇಯುತ್ತೆ. ಜರಡಿಯಲ್ಲಿ ಬಸಿದು ನೀರನ್ನ ಎತ್ತಿಡಿ.

ಸಾರಿಗೆ: ಒಂದು ಈರುಳ್ಳಿ, ನಾಲ್ಕು ಎಸಳು ಬೆಳ್ಳುಳ್ಳಿ ಸ್ವಲ್ಪ ಎಣ್ಣೆಯಲ್ಲಿ ಕೆಂಪಗೆ ಹುರಿದು, ಅದಕ್ಕೆ ಎರಡು ಚಮಚ ಕೊಬ್ಬರಿ ತುರಿ, ಎರಡು ಚಮಚ ಸಾರಿನ ಪುಡಿ, ಒಂದು ಟೊಮ್ಯಾಟೊ, ಗೋಲಿ ಗಾತ್ರದ ಹುಣಸೆ, ಮೂರು ನಾಲ್ಕು ಚಮಚ ಬೆಂದ ಕಾಳು ಸೇರಿಸಿ ರುಬ್ಬಿ. ಮಿಕ್ಸಿ ಇಲ್ಲದಿದ್ದರೆ ಹ್ಯಾಂಡ್ ಬ್ಲೆಂಡರ್ ಸಾಕು. ಬಸಿದ ಕಟ್ಟಿಗೆ ಬೆರೆಸಿ, ಉಪ್ಪು ಹಾಕಿ, ಚೆನ್ನಾಗಿ ಕುದಿಸಿ, ಒಗ್ಗರಣೆ ಕೊಡಿ. ಪಲ್ಯಕ್ಕೆ: ಸಾಸಿವೆ, ಒಣಮೆಣಸಿನಕಾಯಿ, ಈರುಳ್ಳಿ ಒಗ್ಗರಣೆಗೆ ಗಟ್ಟಿ ಭಾಗ ಹಾಕಿ, ಮೇಲೆ ಕೊಬ್ಬರಿ ತುರಿ. ಒಬ್ಬರಿಗೆ ಮೂರು ಹೊತ್ತಿಗೆ ಬರುತ್ತೆ. ಸಾರು ಮರುದಿನ ಇನ್ನೂ ರುಚಿ.

ಬಸ್ಸಾರನ್ನು ಬರೀ ಒಂದು ಅಡುಗೆ ಅಂತ ನೋಡದೆ ಒಂದು ಕ್ರಮ ಅಂತ ನೋಡಿ. ಅಡುಗೆ ಶುರು ಮಾಡೋ ಮೊದಲೇ "ಇದರಲ್ಲಿ ಉಳಿಯೋದು ಮುಂದೆ ಏನಾಗುತ್ತೆ?" ಅಂತ ಕೇಳಿಕೊಳ್ಳೋದು. ನಮ್ಮ ಕಡೆಯ ಅರ್ಧ ತಿಂಡಿಗಳು ಹುಟ್ಟಿದ್ದು ಈ ಪ್ರಶ್ನೆಯಿಂದಲೇ ಅನ್ನಿಸುತ್ತೆ. ಉಳಿದ ಅನ್ನ ಚಿತ್ರಾನ್ನ ಆಗುತ್ತೆ, ಉಳಿದ ಚಪಾತಿ ಹರಿದು ಈರುಳ್ಳಿ ಜೊತೆ ಒಗ್ಗರಣೆ ಹಾಕಿದರೆ ಸಂಜೆ ತಿಂಡಿ, ಗಟ್ಟಿಯಾದ ಬ್ರೆಡ್ಡು ಉಪ್ಪಿಟ್ಟು, ಉಳಿದ ತೊವ್ವೆಯನ್ನೇ ನೀರಿನ ಬದಲು ಹಾಕಿ ಹಿಟ್ಟು ನಾದಿದರೆ ಮೆತ್ತನೆ ಚಪಾತಿ.

4. ಒಂದು ವಾರದ ಊಟ, ಒಂದರಿಂದ ಇನ್ನೊಂದಕ್ಕೆ

ಜರ್ಮನಿಯಲ್ಲಿ ಭಾನುವಾರ ಅಂಗಡಿ ಮುಚ್ಚಿರುತ್ತೆ. ಇದನ್ನ ತೊಂದರೆ ಅಂದುಕೊಳ್ಳದೆ ಅಡುಗೆ ದಿನ ಮಾಡಿಕೊಳ್ಳಿ. ಶನಿವಾರ ಸಾಮಾನು, ಭಾನುವಾರ ಅಡುಗೆ.

ಭಾನುವಾರ: ಬಸ್ಸಾರು, ಅನ್ನ, ಪಲ್ಯ. ಜೊತೆಗೆ ಹತ್ತು ಚಪಾತಿ ಮಾಡಿ, ಐದನ್ನ ಫ್ರೀಜರಿಗೆ.
ಸೋಮವಾರ: ಡಬ್ಬಿಗೆ ಚಪಾತಿ, ಉಳಿದ ಪಲ್ಯ. ರಾತ್ರಿ ಬಿಸಿ ಅನ್ನಕ್ಕೆ ಉಳಿದ ಸಾರು.
ಮಂಗಳವಾರ: ಹಾರ್ಟ್‌ವೈಟ್ಸೆನ್‌ಗ್ರೀಸ್ ಉಪ್ಪಿಟ್ಟು, ಕ್ಯಾರೆಟ್, ಬಟಾಣಿ ಹಾಕಿ. ರಾತ್ರಿ ಮೊಸರನ್ನ, ಒಂದು ಹಣ್ಣು.
ಬುಧವಾರ: 250 ಗ್ರಾಂ ರೋಟೆ ಲಿನ್ಸೆನ್ ಬೇಯಿಸಿ ನವಿಲುಕೋಸಿನ ಹುಳಿ. ಬೆಂದ ಬೇಳೆಯ ಮೂರನೇ ಒಂದು ಪಾಲು ಹುಳಿಗೆ ಹಾಕದೆ ಎತ್ತಿಡಿ. ಅನ್ನವನ್ನೂ ಒಂದು ಹೊತ್ತಿಗೆ ಹೆಚ್ಚಾಗಿ ಮಾಡಿ.
ಗುರುವಾರ: ಬೆಳಗ್ಗೆ ಬುಧವಾರದ ಅನ್ನದ ಚಿತ್ರಾನ್ನ. ರಾತ್ರಿ ಎತ್ತಿಟ್ಟ ಬೇಳೆ ಹಾಕಿ ನಾದಿದ ಚಪಾತಿ, ಮೊಸರು.
ಶುಕ್ರವಾರ: ಫ್ರೀಜರಿನ ಐದು ಚಪಾತಿಗೆ ಜುಣಕ. ಒಂದು ಬಟ್ಟಲು ಕಡಲೆ ಹಿಟ್ಟು, ಎರಡು ಈರುಳ್ಳಿ, ಖಾರದ ಪುಡಿ, ಜೀರಿಗೆ, ಇಪ್ಪತ್ತು ನಿಮಿಷದ ಕೆಲಸ. ಉತ್ತರ ಕರ್ನಾಟಕದವರಿಗೆ ಇದನ್ನ ಹೇಳಿಕೊಡಬೇಕಿಲ್ಲ.
ಶನಿವಾರ: ಫ್ರಿಜ್ಜಿನಲ್ಲಿ ಉಳಿದ ಎಲ್ಲ ತರಕಾರಿಗಳ ಬಿಸಿಬೇಳೆಬಾತ್. ಇದಾದ ಮೇಲೇ ಅಂಗಡಿಗೆ ಹೋಗೋದು.

ಕೊನೆಯ ಸಾಲು ಮುಖ್ಯ. ಫ್ರಿಜ್ಜು ಖಾಲಿ ಮಾಡಿದ ಮೇಲೆ ಸಾಮಾನು ತಂದರೆ ಏನು ಇದೆ, ಏನು ಇಲ್ಲ ಅಂತ ಕಣ್ಣಿಗೆ ಕಾಣುತ್ತೆ. ಹಸಿದ ಹೊಟ್ಟೆಯಲ್ಲಿ ಅಂಗಡಿಗೆ ಹೋಗಿ ಬೇಡದ್ದು ತರೋದೂ ತಪ್ಪುತ್ತೆ.

ಮೊಸರು ಮನೆಯಲ್ಲೇ ಮಾಡೋರಿಗೆ: ಪ್ಯಾಕಿನ ಹಾಲನ್ನ ಕಾಯಿಸಿ, ಬೆರಳು ಅದ್ದಿದರೆ ಹಿತವಾದ ಬಿಸಿ ಇದ್ದಾಗ ಒಂದು ಚಮಚ ನಾಟೂರ್‌ಯೋಗುರ್ಟ್ ಹೆಪ್ಪು ಹಾಕಿ. ಚಳಿಗಾಲದಲ್ಲಿ ಪಾತ್ರೆಗೆ ಟವೆಲ್ ಸುತ್ತಿ, ದೀಪ ಮಾತ್ರ ಹಾಕಿದ ಓವನ್ನಿನಲ್ಲಿ ರಾತ್ರಿಯಿಡೀ ಇಟ್ಟರೆ ಹೆಪ್ಪಾಗುತ್ತೆ. ಉಳಿತಾಯ ದೊಡ್ಡದಲ್ಲ. ಆದರೆ ಒಡೆದ ಪ್ಯಾಕಿನ ಅರ್ಧ ಲೀಟರ್ ಹಾಲು ಹಾಳಾಗೋ ಬದಲು ಇನ್ನೊಂದು ವಾರ ಉಪಯೋಗಕ್ಕೆ ಬರುತ್ತೆ.

5. ಸಿಪ್ಪೆ, ದಂಟು, ಸೊಪ್ಪು: ಯಾವುದು ತಿನ್ನಬಹುದು, ಯಾವುದು ಬೇಡ

ಕರಾವಳಿಯವರು ಕಲ್ಲಂಗಡಿಯ ಬಿಳಿ ಭಾಗದಿಂದ ದೋಸೆ ಮಾಡ್ತಾರೆ, ಬಯಲುಸೀಮೆಯಲ್ಲಿ ಹೀರೇಕಾಯಿ ಸಿಪ್ಪೆ ಚಟ್ನಿ ಆಗುತ್ತೆ. ಇಲ್ಲೂ ಆ ಕಣ್ಣಿಂದ ನೋಡಿ. ಮೂಲಂಗಿ ಕಟ್ಟಿನ ಸೊಪ್ಪು, ಬೀಟ್‌ರೂಟಿನ ಸೊಪ್ಪು, ನವಿಲುಕೋಸಿನ ಎಳೆ ಎಲೆ ಎಲ್ಲವೂ ಪಲ್ಯಕ್ಕೆ, ಬಸ್ಸಾರಿಗೆ ಆಗುತ್ತೆ. ತುಂಬ ಜನ ಅಂಗಡಿಯಲ್ಲೇ ಎಲೆ ಮುರಿದು ಬಿಟ್ಟು ಹೋಗ್ತಾರೆ. ಬ್ರೋಕೋಲಿ, ಹೂಕೋಸಿನ ದಂಟಿನ ಸಿಪ್ಪೆ ಹೆರೆದರೆ ಒಳಗಿನ ತಿರುಳು ಹುಳಿಗೆ ಚೆನ್ನ. ಶರತ್ಕಾಲದಲ್ಲಿ ಬರೋ ಕಿತ್ತಳೆ ಬಣ್ಣದ ಹೊಕ್ಕೈಡೋ ಕುಂಬಳದ ಸಿಪ್ಪೆ ತೆಗೀಬೇಕಿಲ್ಲ, ಬೆಂದರೆ ಮೆತ್ತಗಾಗುತ್ತೆ.

ಆದರೆ ಎಲ್ಲ ಎಲೆಯೂ ಸೊಪ್ಪಲ್ಲ. ವಸಂತದಲ್ಲಿ ಮಾರುಕಟ್ಟೆಗೆ ಕೆಂಪು ದಂಟಿನ ರಬಾರ್ಬರ್ ಬರುತ್ತೆ. ನೋಡೋಕೆ ನಮ್ಮ ದಂಟಿನ ಸೊಪ್ಪಿನ ಹಾಗೇ ಕಾಣುತ್ತೆ. ಅದರ ದಂಟು ಮಾತ್ರ ತಿನ್ನೋದು, ಎಲೆ ವಿಷ. ಅದೇ ಕಾಲದಲ್ಲಿ ಕಾಡಿನಲ್ಲಿ ಬೇರ್‌ಲೌಖ್ ಅನ್ನೋ ಬೆಳ್ಳುಳ್ಳಿ ವಾಸನೆಯ ಎಲೆ ಪುಕ್ಕಟೆ ಸಿಗುತ್ತೆ, ತಂಬುಳಿಗೆ, ಚಟ್ನಿಗೆ ಬಲು ರುಚಿ. ಆದರೆ ಮೈಗ್ಲೋಕ್‌ಶೆನ್ ಮತ್ತು ಹೆರ್ಬ್ಸ್ಟ್‌ಸೈಟ್‌ಲೋಸೆ ಅನ್ನೋ ಗಿಡಗಳ ಎಲೆಗಳೂ ಹೆಚ್ಚು ಕಡಿಮೆ ಹಾಗೇ ಇರುತ್ತವೆ. ಇವೆರಡೂ ವಿಷ, ಎರಡನೆಯದಂತೂ ಜೀವ ತೆಗೆಯುವಂಥದ್ದು. ಒಂದು ಎಲೆ ಹಿಸುಕಿದ ಮೇಲೆ ಬೆರಳಿಗೆ ಅಂಟಿದ ವಾಸನೆ ಮುಂದಿನ ಎಲೆಗೂ ಬರುತ್ತೆ, ಹಾಗಾಗಿ ವಾಸನೆ ನಂಬಿ ಕೀಳೋ ಹಾಗಿಲ್ಲ. ಗುರುತು ಬಲ್ಲವರು ಜೊತೆಗಿಲ್ಲದೆ ಕೀಳಬೇಡಿ, ಸಂತೆಯಲ್ಲಿ ಒಂದು ಕಟ್ಟು ಕೊಳ್ಳಿ. ಹಸಿರಾದ ಆಲೂಗಡ್ಡೆ, ಅದರ ಮೊಳಕೆ ಕೂಡ ತಿನ್ನಬಾರದು.

ಇನ್ನೆರಡು ಎಚ್ಚರ. ಒಣ ರಾಜ್ಮಾ ಅಗ್ಗ, ಆದರೆ ಸರಿಯಾಗಿ ಬೇಯದಿದ್ದರೆ ಜೋರು ವಾಂತಿ, ಹೊಟ್ಟೆನೋವು ತರುತ್ತೆ. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಮೊದಲ ಅರ್ಧ ಗಂಟೆ ಜೋರಾಗಿ ಕುದಿಸಿ, ಆಮೇಲೆ ಮೆತ್ತಗಾಗುವವರೆಗೆ ಬೇಯಿಸಿ. ಕಡಿಮೆ ಬಿಸಿಯ ಸ್ಲೋ ಕುಕ್ಕರಿನಲ್ಲಿ ನೇರವಾಗಿ ಹಾಕಬೇಡಿ. ಇನ್ನೊಂದು, ಉಳಿದ ಅನ್ನ. ಅನ್ನವನ್ನ ರಾತ್ರಿಯಿಡೀ ಒಲೆ ಮೇಲೆ ಬಿಟ್ಟರೆ ಅದರಲ್ಲಿ ಬೆಳೆಯೋ ಬ್ಯಾಕ್ಟೀರಿಯಾದ ವಿಷ ಮತ್ತೆ ಬಿಸಿ ಮಾಡಿದರೂ ಹೋಗಲ್ಲ. ಅಗಲ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ, ಒಂದು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮರುದಿನ ಮುಗಿಸಿ.

6. ದಿನಾಂಕ ಓದೋದು ಹೇಗೆ

ಪ್ಯಾಕಿನ ಮೇಲೆ ಎರಡು ಬಗೆಯ ದಿನಾಂಕ ಇರುತ್ತೆ. ಮಿಂಡೆಸ್ಟ್‌ಹಾಲ್ಟ್‌ಬಾರ್‌ಕೈಟ್ಸ್‌ಡಾಟುಮ್ ಅನ್ನೋ ಉದ್ದದ ಹೆಸರಿನದು "ಕನಿಷ್ಠ ಇಲ್ಲಿಯವರೆಗೆ ಗುಣ ಕೆಡಲ್ಲ" ಅಂತ ತಯಾರಕರು ಕೊಟ್ಟ ಮಾತು. ಅದು ದಾಟಿದ ಮೇಲೂ ಮೊಸರು, ಅಕ್ಕಿ, ಬೇಳೆ, ರವೆಯನ್ನ ನೋಡಿ, ಮೂಸಿ, ಸ್ವಲ್ಪ ರುಚಿ ನೋಡಿ ಬಳಸಬಹುದು. ತ್ಸು ಫೆರ್‌ಬ್ರೌಖೆನ್ ಬಿಸ್ ಅಂತ ಇದ್ದರೆ ಅದು ಬೇರೆ. ಕೊಚ್ಚಿದ ಮಾಂಸ, ಹಸಿ ಕೋಳಿಯಂಥ ಬೇಗ ಕೆಡೋ ಪದಾರ್ಥಕ್ಕೆ ಹಾಕೋದು. ಆ ದಿನ ದಾಟಿದರೆ ಬಿಸಾಡಿ, ಅಲ್ಲಿ ಉಳಿತಾಯ ನೋಡಬೇಡಿ.

ಮೊದಲ ಬಗೆಯ ದಿನಾಂಕ ಹತ್ತಿರ ಬಂದ ಸಾಮಾನಿಗೆ ಅಂಗಡಿಯವರು ಬೆಲೆ ಇಳಿಸಿ ಸ್ಟಿಕ್ಕರ್ ಹಚ್ಚಿರ್ತಾರೆ. ಎರಡು ದಿನದೊಳಗೆ ನಿಜವಾಗಿ ಅಡುಗೆ ಮಾಡೋ ಹಾಗಿದ್ದರೆ ಮಾತ್ರ ಕೊಳ್ಳಿ. ಟೂ ಗುಡ್ ಟು ಗೋ ಆ್ಯಪಿನಲ್ಲಿ ಬೇಕರಿ, ಅಂಗಡಿಗಳು ದಿನದ ಕೊನೆಗೆ ಉಳಿದದ್ದನ್ನ ಕಡಿಮೆ ದುಡ್ಡಿಗೆ ಕೊಡ್ತವೆ. ಒಳಗೆ ಏನಿರುತ್ತೆ ಅಂತ ಮೊದಲೇ ಗೊತ್ತಾಗಲ್ಲ, ಸಸ್ಯಾಹಾರಿಗಳು ವಿವರ ಓದಿ ತಗೊಳ್ಳಿ. 2012ರಲ್ಲಿ ಜರ್ಮನಿಯಲ್ಲಿ ಶುರುವಾದ ಫುಡ್‌ಶೇರಿಂಗ್ ಬಳಗದವರು ಹಲವು ಊರುಗಳಲ್ಲಿ ಫೇರ್‌ಟೈಲರ್ ಅನ್ನೋ ಸಾರ್ವಜನಿಕ ಕಪಾಟು, ಫ್ರಿಜ್ಜು ಇಟ್ಟಿದ್ದಾರೆ. ಯಾರು ಬೇಕಾದರೂ ಇಡಬಹುದು, ಯಾರು ಬೇಕಾದರೂ ತಗೊಳ್ಳಬಹುದು. ರಜಕ್ಕೆ ಊರಿಗೆ ಹೊರಡುವಾಗ ಫ್ರಿಜ್ಜಿನಲ್ಲಿ ಉಳಿದದ್ದನ್ನ ಅಲ್ಲಿ ಇಟ್ಟು ಹೋಗಿ.

7. ಹೇಳೋಕೆ ಕಷ್ಟವಾದ ಮಾತು

"ಹಾಸಿಗೆ ಇದ್ದಷ್ಟು ಕಾಲು ಚಾಚು" ಅಂತ ಗಾದೆ ಹೇಳ್ತೀವಿ. ಆದರೆ ಕೆಲವು ತಿಂಗಳು ಹಾಸಿಗೆಯೇ ತೀರಾ ಚಿಕ್ಕದಾಗಿಬಿಡುತ್ತೆ. ಪಾರ್ಟ್ ಟೈಮ್ ಕೆಲಸ ಹೋಯ್ತು, ಬಾಡಿಗೆ ಏರಿತು, ಊರಲ್ಲಿ ಯಾರಿಗೋ ಹುಷಾರಿಲ್ಲ, ಸಾಲದ ಕಂತು ಬಂತು. ಆಗ ಮೇಲೆ ಹೇಳಿದ ಲೆಕ್ಕ ಯಾವುದೂ ಸಾಲದು. ಅಂಥ ಹೊತ್ತಿನಲ್ಲಿ ಊಟ ಬಿಡೋದು ಉಳಿತಾಯ ಅಲ್ಲ, ಕಾಯಿಲೆಗೆ ದಾರಿ.

ನಿಮ್ಮ ವಿಶ್ವವಿದ್ಯಾಲಯಕ್ಕೆ ಸೇರಿದ ಸ್ಟುಡಿಯರೆಂಡೆನ್‌ವೆರ್ಕ್ ಬರೀ ಹಾಸ್ಟೆಲ್ಲು, ಮೆನ್ಜಾ ನಡೆಸೋ ಸಂಸ್ಥೆ ಅಲ್ಲ. ಅಲ್ಲಿ ಸೋಜಿಯಾಲ್‌ಬೆರಾಟುಂಗ್ ಅಂತ ಪುಕ್ಕಟೆ ಸಲಹಾ ವಿಭಾಗ ಇರುತ್ತೆ. ದುಡ್ಡಿನ ತೊಂದರೆ, ಬಾಡಿಗೆ, ವಿಮೆ ಬಗ್ಗೆ ಅವರ ಹತ್ತಿರ ಮಾತಾಡಬಹುದು. ಕೈ ಪೂರ್ತಿ ಖಾಲಿಯಾಗೋ ಮೊದಲೇ ಹೋಗಿ.

ಮತ್ತೆ, ನಮ್ಮವರ ನಡುವೆ. ಅಕ್ಕ, ಅಣ್ಣ ಅಂತ ಕರೆಯೋ ಸೀನಿಯರ್‌ಗಳಿಗೆ "ಈ ವಾರ ಕಷ್ಟ ಇದೆ" ಅಂತ ಹೇಳೋದರಲ್ಲಿ ನಾಚಿಕೆ ಬೇಡ. ಹೇಳೋಕೆ ಮುಜುಗರ ಪಡೋರನ್ನ ಸೀನಿಯರ್‌ಗಳೇ ಗಮನಿಸಬೇಕು. "ದುಡ್ಡು ಬೇಕಾ?" ಅಂತ ಕೇಳಬೇಡಿ, "ಬಸ್ಸಾರು ಹೆಚ್ಚು ಮಾಡಿದೀನಿ, ಬಾ" ಅಂತ ಕರೀರಿ. ಇಬ್ಬರಿಗೆ ಅಡುಗೆ ಮಾಡೋದು ಒಬ್ಬರಿಗೆ ಮಾಡೋದಕ್ಕಿಂತ ತಲಾ ಲೆಕ್ಕದಲ್ಲಿ ಅಗ್ಗ. ಅರ್ಧ ಕೋಸು ಉಳಿಯಲ್ಲ, ಒಲೆ ಒಂದೇ ಸಲ ಉರಿಯುತ್ತೆ. ಒಂದೇ ಮಹಡಿಯ ಇಬ್ಬರು ವಾರದಲ್ಲಿ ಎರಡು ದಿನ ಸರದಿ ಮೇಲೆ ಅಡುಗೆ ಮಾಡಿದರೂ ಸಾಕು, ವ್ಯತ್ಯಾಸ ಗೊತ್ತಾಗುತ್ತೆ.

ಈ ತಿಂಗಳ ಮನೆಪಾಠ

ಒಂದು: ನಾಲ್ಕು ವಾರ ಅಂಗಡಿ ಚೀಟಿಗಳನ್ನ ಒಂದು ಡಬ್ಬಿಯಲ್ಲಿ ಹಾಕಿ. ಕೊನೆಗೆ ಬೇಳೆ, ಅಕ್ಕಿ, ಹಾಲು, ತರಕಾರಿ, ಹಣ್ಣಿಗೆ ಎಷ್ಟು, ಉಳಿದದ್ದಕ್ಕೆ ಎಷ್ಟು ಅಂತ ಎರಡು ಸಾಲಾಗಿ ಬರೆಯಿರಿ.

ಎರಡು: ಬಿಸಾಡಿದ್ದನ್ನೂ ಬರೆದಿಡಿ. ಅರ್ಧ ಸೌತೆಕಾಯಿ, ನಾಲ್ಕು ಬ್ರೆಡ್ ಹೋಳು, ಏನಾದರೂ ಸರಿ. ಎದುರಿಗೆ ಅಂದಾಜು ಬೆಲೆ ಹಾಕಿ. ಮುಂದಿನ ತಿಂಗಳು ಮೊದಲು ಕಡಿಮೆ ಮಾಡಬೇಕಾದ ಖರ್ಚು ಅದೇ.

ಮೂರು: ಮನೆಗೆ ಫೋನ್ ಮಾಡಿದಾಗ ಅಮ್ಮನನ್ನೋ ಅಜ್ಜಿಯನ್ನೋ ಒಂದು ಪ್ರಶ್ನೆ ಕೇಳಿ: "ಕೈಯಲ್ಲಿ ದುಡ್ಡಿಲ್ಲದಾಗ ನೀವು ಏನು ಅಡುಗೆ ಮಾಡ್ತಿದ್ರಿ?" ಉತ್ತರವನ್ನ ಅಳತೆ ಸಮೇತ ಬರೆದುಕೊಳ್ಳಿ. ಮುಂದಿನ ವರ್ಷದ ಸಂಚಿಕೆಗೆ ಕಳಿಸಿದರೆ ಹೊಸದಾಗಿ ಬರೋ ತಮ್ಮ ತಂಗಿಯರಿಗೆ ಉಪಯೋಗಕ್ಕೆ ಬರುತ್ತೆ.